ಆಯ್ದಕ್ಕಿಯ ಅಳತೆಯೂ ಕರಾವಳಿಯ ಗಂಜಿಯೂ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದ ಜಂಗಮ ದಾಸೋಹವನ್ನು ನಡೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಅವನ ಮತ್ತು ಸತಿ ಲಕ್ಕಮ್ಮನ ನಿತ್ಯವ್ರತ. ಒಂದು ದಿನ ಮಾರಯ್ಯನು ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದುದನ್ನು ಆಯ್ದ ಸ್ಥಳದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದಳು. ಶೂನ್ಯಸಂಪಾದನೆಯಲ್ಲಿ ಸ್ಥಾನ ಪಡೆದಿರುವ ಈ ದಂಪತಿಗಳ ವೃತ್ತಾಂತವನ್ನು ಕಾಯಕತತ್ತ್ವಕ್ಕೆ ನಿದರ್ಶನವಾಗಿ ಉದಾಹರಿಸುವುದು ರೂಢಿ. ಅದು ಸಮುಚಿತವೇ ಸರಿ. ಆದರೆ ಇದರಲ್ಲಿ ಅಡುಗೆಮನೆಗೆ ಸಂಬಂಧಿಸಿದ ಒಂದು ವಿವೇಕವೂ ಅಡಗಿದೆ. ಚೆಲ್ಲಿದುದನ್ನು ಆಯ್ದುಕೊಳ್ಳುವುದು ಒಂದು ನಿಯಮ. ಹೆಚ್ಚಾದುದನ್ನು ಬೇಯಿಸುವ ಮೊದಲೇ ಹಿಂದಿರುಗಿಸುವುದು ಇನ್ನೊಂದು ನಿಯಮ. ಮೊದಲನೆಯದು ಪೋಲಾದುದನ್ನು ಉಳಿಸುತ್ತದೆ. ಎರಡನೆಯದು ಪೋಲಾಗುವುದನ್ನೇ ತಡೆಯುತ್ತದೆ.

ಈ ಎರಡನೆಯ ನಿಯಮವನ್ನು ಲೋಕವು ಮರೆತಿದೆಯೆಂಬುದಕ್ಕೆ ಅಂಕಿಅಂಶಗಳೇ ಸಾಕ್ಷಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ನುಗಳಷ್ಟು ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ವ್ಯರ್ಥವಾದುದು ಮನೆಗಳಲ್ಲಿ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕಿಲೋಗ್ರಾಂ ಆಹಾರ ಹಾಳಾಗುತ್ತದೆಂದು ಅದೇ ವರದಿ ಅಂದಾಜು ಮಾಡಿದೆ. ಹೀಗೆ ಎಸೆದ ಅನ್ನ ಕಸದ ರಾಶಿಯ ಅಡಿಯಲ್ಲಿ ಗಾಳಿಯಾಡದೆ ಕೊಳೆತಾಗ ಮೀಥೇನ್ ಅನಿಲ ಹೊರಟು ವಾತಾವರಣದ ತಾಪವನ್ನು ಹೆಚ್ಚಿಸುತ್ತದೆ. ಬೆಳೆಯಲು ಬಳಸಿದ ನೀರು, ಬೇಯಿಸಲು ಉರಿಸಿದ ಇಂಧನ, ದುಡಿದವರ ಬೆವರು ಇವೆಲ್ಲವೂ ಅದರೊಡನೆ ನಷ್ಟವಾಗುತ್ತವೆ.

ಇಂತಹ ನಷ್ಟಕ್ಕೆ ಎಡೆಗೊಡದಿದ್ದ ಒಂದು ಗೃಹವ್ಯವಸ್ಥೆ ನಮ್ಮ ನಾಡಿನಲ್ಲಿಯೇ ಇದ್ದಿತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕರಾವಳಿ ಸೀಮೆ ಅದಕ್ಕೆ ಉತ್ತಮ ನಿದರ್ಶನ. ಇದು ಬಡತನದಿಂದಲೇ ಹುಟ್ಟಿದ ಮಿತವ್ಯಯವೆನ್ನಲು ಬರುವಂತಿಲ್ಲ. ಏಕೆಂದರೆ ಈ ಸೀಮೆ ಅಕ್ಕಿಯ ಕಣಜವೆಂದು ಹೆಸರಾಗಿದ್ದಿತು. ಬಾರಕೂರು, ಬಸರೂರುಗಳ ರೇವುಗಳಿಂದ ಅಕ್ಕಿ ಹಡಗುಗಳಲ್ಲಿ ಹೊರನಾಡಿಗೆ ಹೋಗುತ್ತಿದ್ದಿತು. ಪೋರ್ಚುಗೀಸರ ಗೋವೆಯೂ ಈ ಅಕ್ಕಿಯನ್ನು ನಂಬಿಕೊಂಡಿದ್ದಿತು. ವೀರಶೈವರಾದ ಕೆಳದಿಯ ಅರಸರು ಘಟ್ಟದ ಮೇಲಿನಿಂದ ಈ ತೀರವನ್ನು ಆಳಿದರು. ಶಿವಪ್ಪನಾಯಕನು 1650ರ ದಶಕದ ಪೂರ್ವಾರ್ಧದಲ್ಲಿ ಇಲ್ಲಿಯ ಪೋರ್ಚುಗೀಸ್ ಕೋಟೆಗಳನ್ನು ವಶಪಡಿಸಿಕೊಂಡನು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ಬಸರೂರನ್ನು ಕೊಳ್ಳೆಹೊಡೆದುದು ಆ ಪಟ್ಟಣದ ಸಂಪತ್ತಿಗೆ ಸಾಕ್ಷಿ. ಆದರೆ ರೇವಿನ ಸಮೃದ್ಧಿ ಬೆಳೆದವನ ಒಲೆಯ ಸಮೃದ್ಧಿಯಾಗಿರಲಿಲ್ಲ. ಗೇಣಿಯ ಪಾಲು ಧಣಿಗೆ ಸಂದಾಯವಾದ ಮೇಲೆ ಒಕ್ಕಲಿನ ಮನೆಯಲ್ಲಿ ಉಳಿದ ಅಕ್ಕಿಯೇ ಮಳೆಗಾಲದ ನಾಲ್ಕು ತಿಂಗಳನ್ನು ದಾಟಿಸಬೇಕಾಗಿದ್ದಿತು.

ಆದಕಾರಣ ಇಲ್ಲಿಯ ಮಿತವ್ಯಯ ಭತ್ತವನ್ನು ಕುಟ್ಟುವ ಮೊದಲೇ ಆರಂಭವಾಗುತ್ತಿದ್ದಿತು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವುದು ಕರಾವಳಿಯ ಕ್ರಮ. ಇದರಿಂದ ಕಾಳು ಗಟ್ಟಿಯಾಗಿ ಕುಟ್ಟುವಾಗ ನುಚ್ಚಾಗುವುದು ಕಡಮೆ. ಹೊರಪದರದ ಜೀವಸತ್ತ್ವಗಳ ಒಂದಂಶ ಕಾಳಿನ ಒಳಗೆ ಇಳಿದು ಉಳಿಯುತ್ತದೆ. ಈ ಕುಚ್ಚಲಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟಿ ಇಡುತ್ತಿದ್ದರು. ಮುಡಿಯೊಂದಕ್ಕೆ ಸಾಮಾನ್ಯವಾಗಿ 42 ಸೇರು. ಮುಡಿ ಉಗ್ರಾಣವೂ ಹೌದು, ಅಳತೆಯೂ ಹೌದು. ಎಷ್ಟು ಮುಡಿ ಉಳಿದಿದೆ, ಎಷ್ಟು ದಿನ ದೂಡಬೇಕು ಎಂಬ ಲೆಕ್ಕ ಮನೆಯೊಡತಿಗೆ ಬಾಯಿಪಾಠವಾಗಿರುತ್ತಿದ್ದಿತು.

ಗಂಜಿಯೂ ಇದೇ ವಿವೇಕದ ಫಲ. ಅನ್ನವನ್ನು ಬಸಿದು ತಿಳಿಯನ್ನು ಚೆಲ್ಲಿದರೆ ಸಾರವೂ ಚೆಲ್ಲಿಹೋಗುತ್ತದೆ. ಗಂಜಿಯಲ್ಲಿ ಅನ್ನವೂ ತಿಳಿಯೂ ಒಂದೇ ಬಟ್ಟಲಿಗೆ ಬರುತ್ತವೆ. ರಾತ್ರಿ ಉಳಿದ ಅನ್ನಕ್ಕೆ ನೀರೆರೆದಿಟ್ಟರೆ ಬೆಳಗಿಗೆ ಹದವಾಗಿ ಹುಳಿತ ತಂಗಳು ಸಿದ್ಧ. ಅಕ್ಕಿ ತೊಳೆದ ನೀರು ಅಕ್ಕಚ್ಚಾಗಿ ಹಸುವಿಗೆ, ತೌಡೂ ಹಸುವಿಗೆ, ಉಮಿ ಒಲೆಗೆ. ಹಲಸಿನ ಕಾಯಿಯ ಸೊಳೆ ಉಪ್ಪುನೀರಿನ ಭರಣಿಗೆ ಅಥವಾ ಹಪ್ಪಳಕ್ಕೆ, ಬೀಜ ಮಳೆಗಾಲದ ಸಾರಿಗೆ, ಸಿಪ್ಪೆ ಕೊಟ್ಟಿಗೆಗೆ. ಬೇಸಿಗೆಯಲ್ಲಿ ಬೆಳೆದ ಸೌತೆಕಾಯಿ ಬಾಳೆಯ ನಾರಿನಲ್ಲಿ ಕಟ್ಟಲ್ಪಟ್ಟು ಮಾಡಿನಿಂದ ತೂಗುತ್ತಾ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತಿದ್ದಿತು. ಒಟ್ಟಿನಲ್ಲಿ ಕಸ ಎಂಬ ಹೆಸರಿನಿಂದ ಮನೆಯ ಹೊರಗೆ ಹೋಗುತ್ತಿದ್ದ ಆಹಾರವೇ ಇರಲಿಲ್ಲವೆಂದರೂ ಸಲ್ಲುತ್ತದೆ.

ಆದರೆ ಈ ಚಿತ್ರವನ್ನು ಕೇವಲ ಅಭಿಮಾನದಿಂದ ನೋಡುವುದು ಇತಿಹಾಸಕ್ಕೆ ಮಾಡುವ ಅಪಚಾರ. ಉಳಿದುದು ಹಾಳಾಗುತ್ತಿರಲಿಲ್ಲ, ನಿಜ. ಅದನ್ನು ಉಣ್ಣುತ್ತಿದ್ದವರು ಯಾರು ಎಂಬುದೇ ಇಲ್ಲಿಯ ಪ್ರಶ್ನೆ. ದೊಡ್ಡ ಮನೆಗಳಲ್ಲಿ ಬಿಸಿಯನ್ನ ಯಜಮಾನನ ಪಂಕ್ತಿಗೆ, ತಂಗಳು ಅಂಗಳದ ಆಳುಗಳಿಗೆ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಉಳಿದುದು ಮನೆಯ ಹೆಂಗಸರಿಗೆ. ಕೋಟದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯನ್ನು ಓದಿದವರಿಗೆ ಆ ತೀರದ ಮನೆಗಳ ಹೆಂಗಸರ ದುಡಿಮೆಯ ಭಾರ ಎಷ್ಟೆಂಬುದು ಗೊತ್ತು. ಅನ್ನ ವ್ಯರ್ಥವಾಗದಂತೆ ಕಾಯ್ದ ವ್ಯವಸ್ಥೆಯೇ ಮನುಷ್ಯರಲ್ಲಿ ಮೇಲು ಕೀಳನ್ನೂ ಕಾಯ್ದುಕೊಂಡು ಬಂದಿತು. 1974ರ ಭೂಸುಧಾರಣೆಯ ತಿದ್ದುಪಡಿ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿದಾಗ ಆ ವ್ಯವಸ್ಥೆಯ ಬುಡವೇ ಸಡಿಲವಾಯಿತು. ಅದು ಸಡಿಲವಾದುದಕ್ಕೆ ಯಾರೂ ಮರುಗಬೇಕಾಗಿಲ್ಲ.

ಶರಣರ ಪ್ರಸಾದತತ್ತ್ವ ಬೇರೆಯಾಗುವುದು ಇಲ್ಲಿಯೇ. ಪ್ರಸಾದವು ಮೇಲಿನವನು ಉಂಡು ಕೆಳಗಿನವನಿಗೆ ಬಿಟ್ಟ ಉಳಿಕೆಯಲ್ಲ. ಅರ್ಪಿತವಾಗಿ ಮರಳಿದ ಪದಾರ್ಥ. ಅದನ್ನು ಸ್ವೀಕರಿಸುವುದರಲ್ಲಿ ಕೀಳುತನವಿಲ್ಲ, ಚೆಲ್ಲುವುದಕ್ಕೆ ಅವಕಾಶವೂ ಇಲ್ಲ. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲವು ಮೂರನೆಯದು. ಅದರ ಲಕ್ಷಣ ಅವಧಾನ. ನಿಷ್ಠಾವಂತರು ಊಟವಾದ ಮೇಲೆ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಆಚಾರ ಇದರಿಂದಲೇ ಬಂದುದು. ಆ ಆಚಾರವುಳ್ಳವನು ಹಸಿವಿಗೆ ಮೀರಿ ಬಡಿಸಿಕೊಳ್ಳಲಾರನು. ತಾನು ಬಿಟ್ಟುದನ್ನು ಇನ್ನೊಬ್ಬನು ಉಣ್ಣಲಿ ಎಂಬ ಯೋಚನೆಗೂ ಅಲ್ಲಿ ಎಡೆಯಿಲ್ಲ.

ಇಂದು ಆ ಸೀಮೆಯ ಎಷ್ಟೋ ಮನೆಗಳಲ್ಲಿ ಹಸುವಿಲ್ಲ, ಅಕ್ಕಚ್ಚು ಕುಡಿಯುವವರಿಲ್ಲ. ಮನೆಮಂದಿಯ ಸಂಖ್ಯೆ ಇಳಿದರೂ ಪಾತ್ರೆಯ ಗಾತ್ರ ಇಳಿದಿಲ್ಲ. ಉಳಿದುದು ಶೀತಲ ಪೆಟ್ಟಿಗೆಯಲ್ಲಿ ಮೂರು ದಿನ ಕುಳಿತು ನಾಲ್ಕನೆಯ ದಿನ ಕಸದ ಬುಟ್ಟಿಗೆ ಬೀಳುತ್ತದೆ. ಮದುವೆಗಳ ಎಲೆಗಳಲ್ಲಿ ಮುಟ್ಟದೆ ಬಿಟ್ಟ ಭಕ್ಷ್ಯಗಳ ಮಾತು ಹೇಳಬೇಕಾಗಿಲ್ಲ. ಪರಿಹಾರದ ಯತ್ನಗಳೂ ನಡೆದಿವೆ. ಕುಂದಾಪುರ ಸೀಮೆಯ ವಂಡ್ಸೆ ಗ್ರಾಮ ಪಂಚಾಯತಿಯು ಕಳೆದ ದಶಕದಲ್ಲಿ ಹಸಿಕಸ, ಒಣಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಿ ಸಂಗ್ರಹಿಸುವ ಏರ್ಪಾಡನ್ನು ಮಾಡಿ, ಕಸವನ್ನು ಸಂಪನ್ಮೂಲವೆಂದು ಕಾಣುವ ದಾರಿಯನ್ನು ತೋರಿತು. ಇದು ಶ್ಲಾಘ್ಯವೇ. ಚೆಲ್ಲಿದುದನ್ನು ಆಯುವ ಮಾರಯ್ಯನ ಕಾಯಕದ ಸಾಲಿಗೆ ಇದು ಸೇರುತ್ತದೆ. ಆದರೆ ಅನ್ನದಿಂದ ಗೊಬ್ಬರ ಮಾಡುವುದು ಅನ್ನವನ್ನು ಉಳಿಸಿದಂತಾಗದು.

ಉಳಿಸುವ ಕೆಲಸ ಲಕ್ಕಮ್ಮನದು. ಅಕ್ಕಿ ಅಳೆಯುವ ಮೊದಲು ಇಂದು ಉಣ್ಣುವವರು ಎಷ್ಟು ಮಂದಿ ಎಂದು ಎಣಿಸುವುದು, ಸಂತೆಗೆ ಹೊರಡುವ ಮೊದಲು ಮನೆಯಲ್ಲಿ ಇರುವುದನ್ನು ನೋಡುವುದು, ಬಡಿಸುವ ಮೊದಲು ಕೇಳುವುದು, ಬಡಿಸಿಕೊಂಡುದನ್ನು ಬಿಡದಿರುವುದು, ಉಳಿದರೆ ಮನೆಯವರೆಲ್ಲರೂ ಹಂಚಿಕೊಂಡು ಉಣ್ಣುವುದು: ಇವಿಷ್ಟೇ ಅದರ ವಿಧಿಗಳು. ಇವಕ್ಕೆ ಹಣ ಬೇಡ, ಯಂತ್ರವೂ ಬೇಡ. ಕರಾವಳಿಯ ಹಿರಿಯರಿಂದ ಅಳತೆಯನ್ನು ಕಲಿಯಬಹುದು. ಆ ಅಳತೆಯ ಹೊರೆಯನ್ನು ಹೆಂಗಸರ ಮೇಲೆಯೂ ಆಳುಗಳ ಮೇಲೆಯೂ ಹೊರಿಸದಿರುವುದನ್ನು ಶರಣರಿಂದ ಕಲಿಯಬೇಕು. ಲಕ್ಕಮ್ಮ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದಾಗ ಅದನ್ನು ಹೊತ್ತು ನಡೆದವನು ಮಾರಯ್ಯನೆಂಬುದನ್ನು ಮರೆಯಲಾಗದು.