ಹೆಂಡತಿ ಎಂಬುದಕ್ಕೆ ಸಾಕ್ಷಿ

ನಿಮ್ಮ ಮದುವೆಗೆ ಸಾಕ್ಷಿ ಯಾರು ಎಂದು ಯಾರಾದರೂ ಕೇಳಿದರೆ ನೀವು ಏನು ಹೇಳುತ್ತೀರಿ? ಅಗ್ನಿಯೇ ಸಾಕ್ಷಿ ಎನ್ನಬಹುದು. ಧಾರೆಯ ಹೊತ್ತಿಗೆ ಅಕ್ಷತೆ ಹಾಕಿದ ನೆಂಟರಿಷ್ಟರು ಸಾಕ್ಷಿ ಎನ್ನಬಹುದು. ನಿಕಾಹಿನ ದಿನ ಕಾಜಿಯ ಎದುರಿಗೆ ಕುಳಿತಿದ್ದ ಹಿರಿಯರ ಹೆಸರು ಹೇಳಬಹುದು. ಊರೊಳಗೆ ಇರುವಷ್ಟು ಕಾಲ ಇದಕ್ಕಿಂತ ಹೆಚ್ಚಿನ ರುಜುವಾತನ್ನು ಯಾರೂ ಕೇಳುವುದಿಲ್ಲ. ಆದರೆ ಗಂಡ ಒಂದು ದೇಶದಲ್ಲಿ, ಹೆಂಡತಿ ಇನ್ನೊಂದು ದೇಶದಲ್ಲಿ ಇದ್ದು, ನಡುವೆ ಒಂದು ಗಡಿ ಬಂದು ನಿಂತಿತೆನ್ನಿ. ಆಗ ಅಗ್ನಿಯೂ ಬಂದು ಹೇಳದು, ನೆಂಟರೂ ಬಂದು ಹೇಳಲಾರರು. ಕಾಗದವೇ ಮಾತಾಡಬೇಕು.

ಗಂಡನ ಅಥವಾ ಹೆಂಡತಿಯ ದೇಶಕ್ಕೆ ಹೋಗಿ ನೆಲಸಲು ವೀಸಾ ಕೋರಿ ಅರ್ಜಿ ಹಾಕಿದವರು ಇದನ್ನು ಚೆನ್ನಾಗಿ ಬಲ್ಲರು. ಮದುವೆಯ ಪ್ರಮಾಣಪತ್ರ, ಫೋಟೋಗಳು, ಪರಸ್ಪರ ಬರೆದ ಪತ್ರಗಳು, ವರಮಾನದ ಲೆಕ್ಕ ಹೀಗೆ ಕಡತ ಬೆಳೆಯುತ್ತ ಹೋಗುತ್ತದೆ. ಕಾಗದಗಳು ಎಷ್ಟೇ ಇರಲಿ, ಅವುಗಳ ತಳದಲ್ಲಿರುವ ಪ್ರಶ್ನೆ ಒಂದೇ: ನಿಮ್ಮಿಬ್ಬರ ಮದುವೆ ನಮ್ಮ ದೇಶದ ಕಣ್ಣಿಗೂ ಮದುವೆಯೇ? ಈ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಅದರ ಬಹು ಮುಖ್ಯವಾದ ಅಧ್ಯಾಯವೊಂದು ದಕ್ಷಿಣ ಆಫ್ರಿಕದಲ್ಲಿ, 1913ರಲ್ಲಿ, ಭಾರತದ ಹೆಣ್ಣುಮಕ್ಕಳ ವಿಷಯದಲ್ಲಿ ನಡೆಯಿತು.

ಮೊದಲು ಹಿನ್ನೆಲೆಯನ್ನು ಸ್ವಲ್ಪ ನೋಡೋಣ. 1860ರ ನವೆಂಬರಿನಲ್ಲಿ ಮದರಾಸಿನಿಂದ ಹೊರಟ ‘ಟ್ರೂರೋ’ ಎಂಬ ಹಡಗು ನೇಟಾಲಿನ ಡರ್ಬನ್ ಬಂದರನ್ನು ಮುಟ್ಟಿತು. ಅದರಲ್ಲಿದ್ದವರು ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ಕೂಲಿಗಳು. 1911ರಲ್ಲಿ ಈ ಪದ್ಧತಿ ನಿಲ್ಲುವ ವೇಳೆಗೆ ಹಾಗೆ ಹೋದವರ ಸಂಖ್ಯೆ ಒಂದೂವರೆ ಲಕ್ಷದಷ್ಟಾಗಿತ್ತು. ಅವರ ಹಿಂದೆಯೇ ತಮ್ಮ ಸ್ವಂತ ಖರ್ಚಿನಲ್ಲಿ ವ್ಯಾಪಾರಿಗಳೂ ಹೋದರು. ಅವರಲ್ಲಿ ಗುಜರಾತಿನ ಮುಸ್ಲಿಮರೇ ಹೆಚ್ಚು. ದುಡಿಮೆ ಅಲ್ಲಿ, ಮನೆ ಇಲ್ಲಿ. ಕೆಲವು ವರ್ಷ ಅಂಗಡಿ ನಡೆಸಿ, ಊರಿಗೆ ಬಂದು ಮದುವೆಯಾಗಿ, ಮತ್ತೆ ಹಡಗು ಹತ್ತುವುದು ವಾಡಿಕೆಯಾಗಿತ್ತು. ಕೈಗೆ ನಾಲ್ಕು ಕಾಸು ಬಂದಮೇಲೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುತ್ತಿದ್ದರು.

ಭಾರತೀಯರ ಸಂಖ್ಯೆ ಬೆಳೆಯುವುದನ್ನು ಅಲ್ಲಿಯ ಬಿಳಿಯರು ಸಹಿಸಲಿಲ್ಲ. ನೇಟಾಲಿನಲ್ಲಿ 1897ರಲ್ಲೇ ವಲಸೆಯನ್ನು ತಡೆಯುವ ಕಾಯಿದೆ ಬಂತು. ಉಳಿದ ವಸಾಹತುಗಳೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಆದರೂ ಮೊದಲೇ ನೆಲಸಿದ್ದವನ ಹೆಂಡತಿಗೂ ಎಳೆಯ ಮಕ್ಕಳಿಗೂ ಬರುವ ಹಕ್ಕು ಉಳಿದಿತ್ತು. ಹೊಸಬರಿಗೆ ಮುಚ್ಚಿದ ಕೋಟೆಯಲ್ಲಿ ಉಳಿದ ದಿಡ್ಡಿಬಾಗಿಲು ಅದೊಂದೇ. ಅದನ್ನೂ ಮುಚ್ಚಬೇಕಾದರೆ ದಾರಿ ಯಾವುದು? ಬಂದವಳು ಹೆಂಡತಿಯೇ ಅಲ್ಲ ಎಂದುಬಿಟ್ಟರೆ ಆಯಿತು.

ಬಾಯಿ ಮರಿಯಂ ಎಂಬಾಕೆಯ ಮೊಕದ್ದಮೆಯಲ್ಲಿ ಆದದ್ದು ಇದೇ. ಈಕೆಯ ಗಂಡ ಹಸನ್ ಈಸಪ್ ಮೊದಲೇ ಕೇಪ್ ಪ್ರಾಂತದಲ್ಲಿ ನೆಲಸಿದ್ದವನು. ಭಾರತಕ್ಕೆ ಬಂದು ಇಸ್ಲಾಂ ಧರ್ಮದ ವಿಧಿಯಂತೆ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೊರಟಿದ್ದ. ವಲಸೆ ಅಧಿಕಾರಿಗಳು ಆಕೆಯನ್ನು ಒಳಗೆ ಬಿಡಲಿಲ್ಲ. ಗಂಡ ನ್ಯಾಯಾಲಯಕ್ಕೆ ಹೋದ. 1913ರ ಮಾರ್ಚ್ 14ರಂದು ನ್ಯಾಯಮೂರ್ತಿ ಸರ್ಲ್ ಅವರು ತೀರ್ಪು ಕೊಟ್ಟರು. ಒಂದಕ್ಕಿಂತ ಹೆಚ್ಚು ಹೆಂಡತಿಯರಿಗೆ ಅವಕಾಶವಿರುವ ಧರ್ಮದ ವಿಧಿಯಿಂದ ನಡೆದ ಮದುವೆಯನ್ನು ಈ ದೇಶದ ಕಾನೂನು ಮದುವೆಯೆಂದು ಒಪ್ಪುವುದಿಲ್ಲ. ಆದ್ದರಿಂದ ವಲಸೆ ಕಾಯಿದೆಯಲ್ಲಿ ಬರುವ ‘ಹೆಂಡತಿ’ ಎಂಬ ಮಾತು ಈಕೆಗೆ ಅನ್ವಯಿಸದು ಎಂಬುದು ಅದರ ಸಾರಾಂಶ.

ಗಮನಿಸಿ, ಹಸನನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆಂದು ಯಾರೂ ಹೇಳಲಿಲ್ಲ. ಆತನ ಧರ್ಮ ಇನ್ನೊಂದು ಮದುವೆಗೆ ಅವಕಾಶ ಕೊಡುತ್ತದೆ ಎಂಬುದೇ ಸಾಕಾಯಿತು. ಈ ತರ್ಕದ ಬೇರು ಹಳೆಯದು. ಇಂಗ್ಲೆಂಡಿನಲ್ಲಿ 1866ರಷ್ಟು ಹಿಂದೆಯೇ ಹೈಡ್ ಎಂಬವನ ಮೊಕದ್ದಮೆಯಲ್ಲಿ, ಮದುವೆ ಎಂದರೆ ಒಬ್ಬ ಗಂಡು ಮತ್ತು ಒಬ್ಬ ಹೆಣ್ಣು ಉಳಿದೆಲ್ಲರನ್ನೂ ಬಿಟ್ಟು ಬಾಳಿನುದ್ದಕ್ಕೂ ಕೂಡಿರುವುದು ಎಂಬ ವ್ಯಾಖ್ಯೆ ಬಂದಿತ್ತು. ನ್ಯಾಯಾಧೀಶರು ದ್ವೇಷದಿಂದ ಹಾಗೆ ಬರೆದರೆಂದು ಹೇಳಬೇಕಾಗಿಲ್ಲ. ಪುಸ್ತಕದಲ್ಲಿದ್ದ ಅರ್ಥವನ್ನು ಅವರು ಮನುಷ್ಯರಿಗೆ ಹಚ್ಚಿದರು. ಅಳತೆಗೋಲು ಒಂದು ನಾಡಿನದು, ಅಳೆದದ್ದು ಇನ್ನೊಂದು ನಾಡಿನ ಬಾಳುವೆಯನ್ನು. ಎಡವಟ್ಟಾದದ್ದು ಅಲ್ಲಿ.

ತೀರ್ಪಿನ ಪೆಟ್ಟು ಮುಸ್ಲಿಮರಿಗೆ ಮಾತ್ರ ಬೀಳಲಿಲ್ಲ. ಆ ಕಾಲಕ್ಕೆ ಹಿಂದೂ ವಿವಾಹಕ್ಕೂ ಒಬ್ಬಳೇ ಹೆಂಡತಿ ಎಂಬ ಕಟ್ಟು ಇರಲಿಲ್ಲ. ನಮ್ಮಲ್ಲಿ ಅದು ಕಾನೂನಾದದ್ದು 1955ರಲ್ಲಿ. ಹೀಗಾಗಿ ದಕ್ಷಿಣ ಆಫ್ರಿಕದ ಬಹುಪಾಲು ಭಾರತೀಯ ಸಂಸಾರಗಳು ಒಂದು ದಿನ ಬೆಳಗಾಗುವುದರೊಳಗೆ ಕಾನೂನಿನ ನೆರಳನ್ನು ಕಳೆದುಕೊಂಡವು. ಬರಬೇಕಾದವಳಿಗೆ ಪ್ರವೇಶ ಸಂದೇಹವಾಯಿತು. ಬಂದು ನೆಲಸಿದ್ದವಳ ಮಾನಕ್ಕೆ ಕುಂದು ಬಂತು. ಮಕ್ಕಳ ವಾರಸು ಹಕ್ಕಿಗೂ ತೊಡಕು ತಟ್ಟಿತು.

ಕಸ್ತೂರಬಾ ಅವರನ್ನೇ ನೆನೆಯಿರಿ. ಪೋರಬಂದರಿನಲ್ಲಿ ಅವರ ಮದುವೆ ನಡೆದಾಗ ಗಾಂಧೀಜಿಗೆ ಹದಿಮೂರು ವರ್ಷ. 1897ರ ಜನವರಿಯಲ್ಲಿ ಕಸ್ತೂರಬಾ ಮಕ್ಕಳೊಡನೆ ಡರ್ಬನ್ನಿನಲ್ಲಿ ಇಳಿದಿದ್ದರು. ಮದುವೆಯಾಗಿ ಮೂವತ್ತು ವರ್ಷ, ನಾಲ್ವರು ಮಕ್ಕಳು. ಈಗ ನ್ಯಾಯಾಲಯದ ಮಾತಿನಂತೆ ತಾನು ಹೆಂಡತಿಯಲ್ಲ! ಈ ಮಾತು ಅವರ ಮನಸ್ಸಿಗೆ ತಾಗಿತು. ಹಾಗಾದರೆ ತಾನೂ ಸೆರೆಗೆ ಹೋಗುತ್ತೇನೆಂದು ಅವರು ಮುಂದೆ ಬಂದರು. ಅಲ್ಲಿಯವರೆಗೆ ಗಾಂಧೀಜಿ ಹೆಂಗಸರನ್ನು ಜೈಲಿಗೆ ಕಳುಹಿಸಲು ಒಪ್ಪಿರಲಿಲ್ಲ. ಮನವಿಗಳು ಹೋದವು, ಪತ್ರಗಳು ಹೋದವು. ಅದೇ ವರ್ಷ ಬಂದ ಹೊಸ ವಲಸೆ ಕಾಯಿದೆಯೂ ತೊಡಕನ್ನು ಬಿಡಿಸಲಿಲ್ಲ. ಏಕಪತ್ನೀ ಪದ್ಧತಿಯ ಮದುವೆಯಾಗಿರಬೇಕೆಂಬ ಷರತ್ತು ಅದರಲ್ಲೂ ಉಳಿಯಿತು.

1913ರ ಸೆಪ್ಟೆಂಬರ್ 15ರಂದು ಫೀನಿಕ್ಸ್ ಆಶ್ರಮದಿಂದ ಹದಿನಾರು ಮಂದಿ ಹೊರಟರು. ಅವರಲ್ಲಿ ನಾಲ್ವರು ಹೆಂಗಸರು: ಕಸ್ತೂರಬಾ, ಜಯಕುಂವರ್, ಕಾಶಿ ಮತ್ತು ಸಂತೋಕ್. ಅಪ್ಪಣೆ ಚೀಟಿಯಿಲ್ಲದೆ ಪ್ರಾಂತದ ಗಡಿಯನ್ನು ದಾಟಿ ಹಿಡಿಸಿಕೊಳ್ಳುವುದು ಅವರ ಉದ್ದೇಶ. ಹಾಗೆಯೇ ಆಯಿತು. ಅವರಿಗೆ ಮೂರು ತಿಂಗಳ ಕಠಿಣ ಸಜೆ ಆಯಿತು. ಕಸ್ತೂರಬಾ ಹೊರಗೆ ಬಂದಾಗ ತೀರ ಸೊರಗಿಹೋಗಿದ್ದರು.

ಇನ್ನೊಂದು ಕಡೆ ಟ್ರಾನ್ಸ್‌ವಾಲಿನ ಹನ್ನೊಂದು ಮಂದಿ ಹೆಂಗಸರು ಹೊರಟಿದ್ದರು. ಹೆಚ್ಚಿನವರು ತಮಿಳರು, ಕೆಲವರ ಕಂಕುಳಲ್ಲಿ ಹಸುಗೂಸುಗಳಿದ್ದವು. ಮೊದಲು ಗಡಿ ದಾಟಿದರೂ ಪೊಲೀಸರು ಅವರನ್ನು ಹಿಡಿಯಲಿಲ್ಲ. ಪರವಾನಗಿಯಿಲ್ಲದೆ ಬೀದಿಯಲ್ಲಿ ಸಾಮಾನು ಮಾರಿದರು, ಆಗಲೂ ಹಿಡಿಯಲಿಲ್ಲ. ಕೊನೆಗೆ ಅವರು ನೇಟಾಲಿನ ನ್ಯೂಕ್ಯಾಸಲ್ಲಿಗೆ ಹೋಗಿ ಕಲ್ಲಿದ್ದಲು ಗಣಿಗಳ ಕೂಲಿಗಳಿಗೆ ಕೆಲಸ ನಿಲ್ಲಿಸಿರೆಂದು ಹೇಳಿದರು. ಅಲ್ಲಿಯ ಕೂಲಿಗಳ ಕಷ್ಟ ಬೇರೊಂದು. ಕರಾರು ಮುಗಿಸಿ ಅಲ್ಲೇ ಉಳಿಯುವವರು ವರ್ಷಕ್ಕೆ 3 ಪೌಂಡು ತಲೆಗಂದಾಯ ಕೊಡಬೇಕಾಗಿತ್ತು, ಹೆಂಗಸರಿಗೂ ವಿನಾಯಿತಿಯಿರಲಿಲ್ಲ. ಕರಾರಿನ ಮೊದಲ ವರ್ಷದ ಸಂಬಳ ತಿಂಗಳಿಗೆ 10 ಷಿಲಿಂಗು ಎಂದರೆ 3 ಪೌಂಡು ಆರು ತಿಂಗಳ ದುಡಿಮೆ. ಹೆಂಗಸರ ಮಾತು ಕೂಲಿಗಳಿಗೆ ನಾಟಿತು. ಗಣಿಗಳು ನಿಂತವು. ಆ ಹೆಂಗಸರಿಗೂ ಮೂರು ತಿಂಗಳ ಸಜೆಯಾಯಿತು. ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಗಾಂಧೀಜಿಯ ಹಿಂದೆ ಗಡಿಯ ಕಡೆಗೆ ನಡೆದರು. ಆ ಮಹಾಯಾತ್ರೆಯ ಕಥೆಯನ್ನು ನೀವು ಶಾಲೆಯ ಪುಸ್ತಕದಲ್ಲಿ ಓದಿರಬಹುದು. ಅದರ ಕಿಡಿ ಹೊತ್ತಿದ್ದರಲ್ಲಿ ಒಂದು ಮದುವೆಯ ಮೊಕದ್ದಮೆಯೂ ಇತ್ತೆಂಬುದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ.

ಸೆರೆಮನೆಯಲ್ಲಿ ವಳ್ಳಿಯಮ್ಮ ಎಂಬ ಹುಡುಗಿಗೆ ಜ್ವರ ಹಿಡಿಯಿತು. ಹೊರಗೆ ಬಂದ ಮೇಲೂ ಅದು ಬಿಡಲಿಲ್ಲ. 1914ರ ಫೆಬ್ರವರಿ 22ರಂದು ಆಕೆ ತೀರಿಕೊಂಡಳು. ಆಕೆಗೆ ಹದಿನಾರು ವರ್ಷ. ಆಕೆಗೆ ಮದುವೆಯೇ ಆಗಿರಲಿಲ್ಲ. ತನ್ನ ತಾಯಂದಿರ ಮದುವೆಯ ಮಾನಕ್ಕಾಗಿ ಆ ಮಗು ಜೈಲಿಗೆ ಹೋಗಿತ್ತು.

ಸರ್ಕಾರ ವಿಚಾರಣೆಗಾಗಿ ಸರ್ ವಿಲಿಯಂ ಸಾಲೊಮನ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಜನರಲ್ ಸ್ಮಟ್ಸ್ ಮತ್ತು ಗಾಂಧೀಜಿಯ ನಡುವೆ ಮಾತುಕತೆ ನಡೆಯಿತು. 1914ರಲ್ಲಿ ಭಾರತೀಯರ ಪರಿಹಾರ ಕಾಯಿದೆ ಬಂತು. 3 ಪೌಂಡಿನ ಕಂದಾಯ ಹೋಯಿತು. ಮದುವೆಯ ವಿಷಯದಲ್ಲಿ ಅದು ಮಾಡಿದ ಏರ್ಪಾಡು ಹೀಗೆ: ಒಬ್ಬನಿಗೆ ನಿಜವಾಗಿ ಒಬ್ಬಳೇ ಹೆಂಡತಿ ಇದ್ದರೆ, ಅವರ ಧರ್ಮದ ವಿಧಿ ಯಾವುದೇ ಆಗಿರಲಿ, ಆ ಮದುವೆಯನ್ನು ನೋಂದಾಯಿಸಿ ಕಾನೂನಿನ ಮದುವೆಯಾಗಿಸಬಹುದು. ಭಾರತೀಯ ಧರ್ಮಗುರುಗಳನ್ನೇ ಮದುವೆಯ ಅಧಿಕಾರಿಗಳಾಗಿ ನೇಮಿಸಬಹುದು. ನೆಲಸಿದವನ ಹೆಂಡತಿಗೆ, ಆಕೆ ಒಬ್ಬಳೇ ಆಗಿದ್ದರೆ, ಪ್ರವೇಶವುಂಟು. ಧರ್ಮ ಏನನ್ನು ಅನುಮತಿಸುತ್ತದೆ ಎಂಬ ಪ್ರಶ್ನೆ ಹಿಂದೆ ಸರಿದು, ಈ ಮನೆಯಲ್ಲಿ ವಾಸ್ತವವಾಗಿ ಏನಿದೆ ಎಂಬ ಪ್ರಶ್ನೆ ಮುಂದೆ ಬಂತು. ಇಷ್ಟು ಸಣ್ಣ ತಿದ್ದುಪಡಿಗಾಗಿ ಎಷ್ಟು ಜನ ಸೆರೆಮನೆ ಕಂಡರು ನೋಡಿ.

ಇದು ಪೂರ್ಣ ಜಯವೆಂದು ಹೇಳುವಂತಿಲ್ಲ. ಇಬ್ಬರು ಹೆಂಡತಿಯರಿದ್ದ ಮನೆಯ ಎರಡನೆಯಾಕೆ ಕಾಯಿದೆಯ ಹೊರಗೇ ಉಳಿದಳು. ಆಗಲೇ ಇದ್ದ ಅಂಥ ಕೆಲವರ ವಿಷಯವನ್ನು ಅಧಿಕಾರಿಗಳ ಕೃಪೆಗೆ ಬಿಡಲಾಯಿತು. ತಪ್ಪು ಆಕೆಯದಲ್ಲ, ಕಷ್ಟ ಮಾತ್ರ ಆಕೆಯದು.

1918ರಲ್ಲಿ ಲಂಡನ್ನಿನ ಸಾಮ್ರಾಜ್ಯ ಸಮ್ಮೇಳನ ಒಂದು ನಿರ್ಣಯ ಮಾಡಿತು. ಸಾಮ್ರಾಜ್ಯದ ಬೇರೆ ನಾಡುಗಳಲ್ಲಿ ನೆಲಸಿದ ಭಾರತೀಯರು ತಮ್ಮ ಹೆಂಡತಿಯನ್ನೂ ಎಳೆಯ ಮಕ್ಕಳನ್ನೂ ಕರೆಸಿಕೊಳ್ಳಬಹುದು. ಆದರೆ ಒಬ್ಬಳಿಗಿಂತ ಹೆಚ್ಚು ಹೆಂಡತಿ ಬರುವಂತಿಲ್ಲ, ಬರುವವಳು ಆತನ ನ್ಯಾಯವಾದ ಹೆಂಡತಿಯೆಂದು ಭಾರತ ಸರ್ಕಾರ ಪ್ರಮಾಣಪತ್ರ ಕೊಡಬೇಕು. ಇಂದಿನ ವೀಸಾ ಕಡತದ ಅಜ್ಜನನ್ನು ನೀವು ಇಲ್ಲಿ ಗುರುತಿಸಬಹುದು. ಹಡಗಿನಿಂದ ಇಳಿದ ಮೇಲೆ ಕೊಡಬೇಕಾಗಿದ್ದ ಸಾಕ್ಷಿಯನ್ನು ಇನ್ನು ಹತ್ತುವ ಮೊದಲೇ ಹೊಂದಿಸಿಕೊಳ್ಳಬೇಕಾಯಿತು.

ಕೊಟ್ಟ ಬಾಗಿಲು ಮತ್ತೆ ಮುಚ್ಚಿತು. 1953ರಲ್ಲಿ ದಕ್ಷಿಣ ಆಫ್ರಿಕದ ವರ್ಣಭೇದದ ಸರ್ಕಾರ ಭಾರತದಿಂದ ಹೆಂಡತಿಯರು ಬರುವ ಹಕ್ಕನ್ನೇ ಕಿತ್ತುಕೊಂಡಿತು. ಆ ಆಳ್ವಿಕೆ 1994ರಲ್ಲಿ ಹೋಯಿತು. ಆದರೂ ಇಸ್ಲಾಂ ವಿಧಿಯ ಮದುವೆಗಳಿಗೆ ಅಲ್ಲಿ ಕಾನೂನಿನ ಪೂರ್ಣ ಮನ್ನಣೆ ದೊರೆತಿರಲಿಲ್ಲ. ಹಾಗೆ ಮನ್ನಣೆ ಕೊಡದಿರುವುದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸಂವಿಧಾನ ನ್ಯಾಯಾಲಯ ಹೇಳಿದ್ದು 2022ರ ಜೂನ್ 28ರಂದು. ಬಾಯಿ ಮರಿಯಂ ಬಾಗಿಲಲ್ಲಿ ನಿಂತು ಅಂದಿಗೆ ನೂರೊಂಬತ್ತು ವರ್ಷ ಕಳೆದಿತ್ತು.

ಗಡಿಯನ್ನು ಕಾಯುವ ಹಕ್ಕು ಪ್ರತಿ ದೇಶಕ್ಕೂ ಉಂಟು. ಸುಳ್ಳು ಮದುವೆಗಳನ್ನು ತಡೆಯಬೇಕಾದದ್ದೂ ನಿಜ. ಆದರೆ ಸುಳ್ಳನ್ನು ಹುಡುಕುವುದು ಬೇರೆ, ನಿಜವಾದ ಮದುವೆಯನ್ನು ಮದುವೆಯಲ್ಲವೆನ್ನುವುದು ಬೇರೆ. ಮೊದಲನೆಯದು ಕಾವಲು. ಎರಡನೆಯದು ಪರರ ಮನೆಯೊಳಗೆ ಕೈಹಾಕಿದಂತೆ. ಇವೆರಡರ ನಡುವಣ ಗೆರೆಯನ್ನು ಅಂದು ಜಗತ್ತಿಗೆ ತೋರಿಸಿಕೊಟ್ಟವರು ಇಂಗ್ಲಿಷನ್ನು ಹೆಚ್ಚು ಅರಿಯದ, ಕೋರ್ಟಿನ ಮೆಟ್ಟಿಲನ್ನು ಹತ್ತದ ಹೆಣ್ಣುಮಕ್ಕಳು.

ನಿಮ್ಮ ಮನೆಯಿಂದಲೂ ಮಗಳೋ ಮಗನೋ ದೂರದೇಶದ ಬಾಳಿಗೆ ಹೊರಡುವ ದಿನ ಬರಬಹುದು. ನೀವು ಪೆಟ್ಟಿಗೆ ತೆರೆದು ಲಗ್ನಪತ್ರಿಕೆ, ಫೋಟೋ, ಪ್ರಮಾಣಪತ್ರಗಳನ್ನು ಜೋಡಿಸುತ್ತೀರಿ. ಅರ್ಜಿಯಲ್ಲಿ ಸಂಬಂಧ ಏನೆಂದು ಕೇಳುವ ಒಂದು ಸಾಲು ಇರುತ್ತದೆ. ಅಲ್ಲಿ ‘ಹೆಂಡತಿ’ ಎಂದು ಬರೆಯುವುದಕ್ಕೆ ಒಂದು ಗಳಿಗೆ ಸಾಕು. ಆ ಗಳಿಗೆಯಲ್ಲಿ ಬಾಯಿ ಮರಿಯಮಳನ್ನೂ ವಳ್ಳಿಯಮ್ಮನನ್ನೂ ಒಮ್ಮೆ ನೆನೆದರೆ ತಪ್ಪಿಲ್ಲ.