ಆಯುಧ ಕೆಳಗಿಟ್ಟ ಮೇಲೆ

ಹುಬ್ಬಳ್ಳಿಯ ಚೆನ್ನಮ್ಮ ವೃತ್ತವನ್ನು ದಾಟದ ಕುಟುಂಬ ನಮ್ಮಲ್ಲಿ ಇರಲಾರದು. ರಾಣಿಯ ಯುದ್ಧವನ್ನು ಮಕ್ಕಳೂ ಬಲ್ಲರು. ಆದರೆ ಯುದ್ಧ ಮುಗಿದ ಮೇಲೆ ಅವಳ ಸೈನಿಕರು ಏನಾದರೆಂದು ನಾವು ಕೇಳುವುದು ವಿರಳ.

1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಾದಳು. ಅವಳ ಪರವಾಗಿ ಹೋರಾಡಿದವರಲ್ಲಿ ಶೇತಸನದಿಗಳೂ ಇದ್ದರು, ಅಂದರೆ ಸೇವೆಗೆ ಪ್ರತಿಯಾಗಿ ಹೊಲ ಪಡೆದವರು. ಸಂಗೊಳ್ಳಿ ರಾಯಣ್ಣ ಅವರಲ್ಲೊಬ್ಬನು. ಸೆರೆಸಿಕ್ಕ ಅವನಿಗೆ ಕ್ಷಮೆ ದೊರೆಯಿತು. ಆದರೆ ಹೊಸ ಆಡಳಿತವು ಇಂಥ ಹೊಲಗಳಲ್ಲಿ ಒಂದು ಪಾಲನ್ನು ಕಿತ್ತುಕೊಂಡು, ಉಳಿದುದರ ಮೇಲೆ ಭಾರವಾದ ಕಂದಾಯ ಹೇರಿತು. ಶಿಕ್ಷೆ ತಪ್ಪಿತು, ಅದರೊಂದಿಗೆ ಜೀವನೋಪಾಯವೂ ತಪ್ಪಿತು. ರಾಯಣ್ಣನು ಮತ್ತೆ ಕತ್ತಿ ಹಿಡಿದು, ಸರಕಾರಿ ಕಚೇರಿಗಳನ್ನೂ ಭೂಮಿಯ ದಾಖಲೆಗಳನ್ನೂ ಸುಟ್ಟನು. 1831ರ ಜನವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

1857ರಲ್ಲಿ ಸರಕಾರವು ಜನರಿಂದ ಆಯುಧ ಕಸಿಯುವ ಕಾಯಿದೆ ತಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧವೆಂದರೆ ಬೇಟೆಯ ಸಾಧನ, ಮನೆತನದ ಮಾನ. ಅವರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯ ಊರನ್ನು ಮುತ್ತಿ ಸುಟ್ಟಿತು, ಹಲವರನ್ನು ನೇಣಿಗೇರಿಸಲಾಯಿತು. ಅವರ ಕಥೆ ಇಂದಿಗೂ ಲಾವಣಿಯಲ್ಲಿ ಉಳಿದಿದೆ.

ಈ ಎರಡು ಘಟನೆಗಳು ಒಂದೇ ಪಾಠ ಹೇಳುತ್ತವೆ. ಆಯುಧ ಕಸಿಯುವುದು ಒಂದು ದಿನದ ಕೆಲಸ. ಅದನ್ನು ಹಿಡಿದಿದ್ದ ಕೈಗೆ ದುಡಿಮೆ ಮತ್ತು ಗೌರವ ಕೊಡುವುದು ವರ್ಷಗಳ ಕೆಲಸ.

2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ 6 ಮಂದಿ ನಕ್ಸಲರು ಶರಣಾದರು. ಅವರ ಬಂದೂಕುಗಳು ಬಳಿಕ ಚಿಕ್ಕಮಗಳೂರು ಜಿಲ್ಲೆಯ ಕಾಡಿನಲ್ಲಿ ದೊರೆತವು. ಸರಕಾರದ ಪುನರ್ವಸತಿ ಯೋಜನೆಯಲ್ಲಿ ಹಣದ ನೆರವುಂಟು. ಆದರೂ ಮೊಕದ್ದಮೆಗಳು ಶರಣಾಗತಿಯೊಂದಿಗೆ ಮುಗಿಯುವುದಿಲ್ಲ. ಹಿಂಸೆಯಿಂದ ನೊಂದ ಕುಟುಂಬಗಳಿಗೂ ನ್ಯಾಯ ಸಲ್ಲಬೇಕು. ಅದನ್ನು ಮರೆತ ಕ್ಷಮೆ ಹಳ್ಳಿಯಲ್ಲಿ ಹೊಸ ವೈರಕ್ಕೆ ಎಡೆಮಾಡೀತು.

ಸರಕಾರ ಹಣ ಕೊಡಬಲ್ಲದು, ನ್ಯಾಯಾಲಯ ತೀರ್ಪು ಕೊಡಬಲ್ಲದು. ಆದರೆ ಮರಳಿ ಬಂದವನಿಗೆ ಕೂಲಿ ಕೊಡುವವರು, ಅವನ ಮಗಳನ್ನು ಸೊಸೆಯಾಗಿ ತಂದುಕೊಳ್ಳುವವರು, ಅವನ ಮನೆಯಲ್ಲಿ ಉಣ್ಣುವವರು ನೆರೆಹೊರೆಯವರೇ. ರಾಯಣ್ಣನಿಗೆ ಪ್ರತಿಮೆ ನಿಲ್ಲಿಸಲು ನಮಗೆ ಕಷ್ಟವಾಗಲಿಲ್ಲ. ಆಯುಧ ಬಿಟ್ಟು ಬಂದು ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಕೇಳುವವನಿಗೆ ನಾವು ಏನು ಉತ್ತರ ಕೊಡುತ್ತೇವೆ?