ವರ್ಷಕ್ಕೆ ಮೂರು ಸಲ ಓದಿದ ಒಡಂಬಡಿಕೆ

ಒಡಂಬಡಿಕೆ ಎಂಬ ಮಾತು ನಮ್ಮಲ್ಲಿ ಎರಡು ನೆಲೆಗಳಲ್ಲಿ ಬಳಕೆಯಾಗುತ್ತದೆ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ಆದರೆ ಅದು ಕರಾರು. ಸಹಿ ಹಾಕಿ ಪೆಟ್ಟಿಗೆಯಲ್ಲಿಟ್ಟರೆ ಮುಗಿಯಿತು, ವ್ಯಾಜ್ಯ ಬಂದ ದಿನ ಹೊರಗೆ ತೆಗೆದರಾಯಿತು. ಒಂದು ಸಮುದಾಯ ತನಗೆ ತಾನೇ ಮಾಡಿಕೊಳ್ಳುವ ಒಡಂಬಡಿಕೆಯ ರೀತಿ ಬೇರೆ. ಅದನ್ನು ಪೆಟ್ಟಿಗೆಯಲ್ಲಿಟ್ಟರೆ ಅದು ಸತ್ತಂತೆಯೇ. 1805ರ ಅಕ್ಟೋಬರಿನಲ್ಲಿ ಬಂಗಾಳದ ಶ್ರೀರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಪಂಥದ ಪಾದ್ರಿಗಳು ಅಂಥದೊಂದು ಪತ್ರವನ್ನು ಬರೆದುಕೊಂಡರು. ವರ್ಷಕ್ಕೆ ಮೂರು ಸಲ, ಜನವರಿ, ಮೇ ಮತ್ತು ಅಕ್ಟೋಬರ್ ತಿಂಗಳುಗಳ ಮೊದಲ ಭಾನುವಾರ, ತಮ್ಮ ಪ್ರತಿಯೊಂದು ಠಾಣ್ಯದಲ್ಲಿಯೂ ಅದನ್ನು ಎಲ್ಲರೆದುರು ಓದತಕ್ಕದ್ದೆಂದು ನಿಯಮ ಮಾಡಿಕೊಂಡರು.

ಬ್ಯಾಪ್ಟಿಸ್ಟರಿಗೆ ಈ ಪದ್ಧತಿ ಏಕೆ ಬೇಕಾಯಿತೆಂಬುದನ್ನು ತಿಳಿಯಬೇಕಾದರೆ ಅವರ ಮೂಲವನ್ನು ನೋಡಬೇಕು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ರಾಜಮಾನ್ಯವಾದ ಚರ್ಚನ್ನು ತೊರೆದು ಬಂದವರು ಅವರ ಪೂರ್ವಿಕರು. ದೊರೆ ಪ್ರಜೆಯ ಆತ್ಮಕ್ಕೆ ಒಡೆಯನಲ್ಲವೆಂದು 1612ರಲ್ಲಿ ಬರೆದ ಥಾಮಸ್ ಹೆಲ್ವಿಸ್ ಸೆರೆಮನೆಯನ್ನು ಕಂಡ. ಇವರ ಸಭೆಗೆ ಹುಟ್ಟಿನಿಂದ ಯಾರೂ ಸೇರಿದವರಲ್ಲ. ತಿಳಿವಳಿಕೆ ಬಂದ ಮೇಲೆ ತಾನಾಗಿ ತನ್ನ ನಂಬಿಕೆಯನ್ನು ಸಭೆಯ ಮುಂದೆ ಹೇಳಿ, ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವನೇ ಸದಸ್ಯ. ಮೇಲೆ ಬಿಷಪ್ಪನಿಲ್ಲ, ಹಿಂದೆ ಅರಸನ ಬೆಂಬಲವಿಲ್ಲ. ಹೀಗಿರುವಾಗ ಅಂಥ ಸಭೆಯನ್ನು ಹಿಡಿದು ನಿಲ್ಲಿಸುವುದು ಸದಸ್ಯರು ಪರಸ್ಪರ ಕೊಟ್ಟುಕೊಂಡ ಮಾತೊಂದೇ. ಆ ಮಾತು ಸಡಿಲವಾದರೆ ಸಭೆಯೇ ಸಡಿಲವಾಗುತ್ತದೆ.

ಶ್ರೀರಾಂಪುರಕ್ಕೆ ಬಂದವರಲ್ಲಿ ಮುಖ್ಯರು ಮೂವರು. ವಿಲಿಯಂ ಕೇರಿ ಮೊದಲು ಜೋಡು ಹೊಲಿಯುತ್ತಿದ್ದವನು. ಜಾಶುವಾ ಮಾರ್ಷ್‌ಮನ್ ಶಾಲೆಯ ಉಪಾಧ್ಯಾಯ. ವಿಲಿಯಂ ವಾರ್ಡ್ ಮುದ್ರಣದ ಕಸುಬುದಾರ. ಇಂಗ್ಲಿಷ್ ಕಂಪನಿ ತನ್ನ ಸೀಮೆಯಲ್ಲಿ ಪಾದ್ರಿಗಳನ್ನು ಸಹಿಸದ ಕಾಲವದು; ಹೂಗ್ಲಿ ನದಿಯ ದಡದ ಈ ಊರು ಡೇನರ ವಶದಲ್ಲಿದ್ದುದರಿಂದ ಅವರಿಗೆ ಆಶ್ರಯ ದೊರೆಯಿತು. 1800ರಲ್ಲಿ ಅವರೆಲ್ಲ ಒಂದೇ ಮನೆವಾರ್ತೆಯಾಗಿ ಬಾಳತೊಡಗಿದರು. ಒಂದೇ ಪಂಕ್ತಿ, ಒಂದೇ ನಿಧಿ. ಯಾರೂ ಸ್ವಂತಕ್ಕೆ ವ್ಯಾಪಾರ ಮಾಡುವಂತಿಲ್ಲ. ತಿಂಗಳಿಗೊಬ್ಬರಂತೆ ಸರದಿಯಲ್ಲಿ ಮನೆಯ ಯಜಮಾನಿಕೆ. ಶನಿವಾರ ಸಂಜೆ ಎಲ್ಲರೂ ಕೂಡಿ, ವಾರದಲ್ಲಿ ಹುಟ್ಟಿದ ಮನಸ್ತಾಪಗಳನ್ನು ಬಾಯಿಬಿಟ್ಟು ಹೇಳಿ ತೀರಿಸಿಕೊಳ್ಳಬೇಕು. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಕಲಿಸಲು 1801ರಲ್ಲಿ ಕೇರಿಗೆ ಗೊತ್ತಾದ ತಿಂಗಳ 500 ರೂಪಾಯಿ ಸಂಬಳವೂ, ಮಾರ್ಷ್‌ಮನ್ ದಂಪತಿಗಳ ಶಾಲೆಯ ಆದಾಯವೂ ಆ ನಿಧಿಗೇ ಸೇರಿದವು. ಐದು ವರ್ಷ ಹೀಗೆ ಬಾಳಿದ ಮೇಲೆ ಅವರು ಒಡಂಬಡಿಕೆಯನ್ನು ಬರೆದರು. ಬಾಳು ಮೊದಲು, ಬರಹ ಆಮೇಲೆ.

ಪತ್ರದಲ್ಲಿ ದೇವಶಾಸ್ತ್ರದ ಚರ್ಚೆ ಕಡಮೆ, ನಡೆಯ ವಿಚಾರ ಹೆಚ್ಚು. ಜನರ ಆತ್ಮಗಳಿಗೆ ಬೆಲೆಕಟ್ಟಲಾಗದೆಂದು ತಿಳಿಯಬೇಕು. ಈ ನಾಡಿನವರ ಆಲೋಚನೆಯ ರೀತಿಯನ್ನು ಅರಿಯಬೇಕು. ಅವರ ಮನಸ್ಸನ್ನು ನೋಯಿಸುವಂಥ ಇಂಗ್ಲಿಷರ ನಡವಳಿಕೆಯನ್ನು ಬಿಡಬೇಕು. ಅವರನ್ನು ಸಮಾನರೆಂದೇ ಕಾಣಬೇಕು. ಈ ನೆಲದಲ್ಲಿ ಸುವಾರ್ತೆಯನ್ನು ಸಾರುವ ಕೆಲಸ ಕಡೆಗೆ ಈ ನೆಲದವರಿಂದಲೇ ಆಗತಕ್ಕದ್ದು. ತೊಟ್ಟ ಬಟ್ಟೆಯನ್ನು ಕೂಡ ನನ್ನದೆನ್ನಬಾರದು. ಇದು ಅದರ ತಿರುಳು.

ಇವುಗಳ ನಡುವೆ ಹೆಸರಿನ ಬಗೆಗೆ ಬರುವ ಮಾತು ವಿಶೇಷವಾದುದು. ಕ್ರೈಸ್ತರಾದವರ ಹೆಸರನ್ನು ಬದಲಾಯಿಸುವ ಅಗತ್ಯವಿಲ್ಲವೆಂದು ಅವರು ನಿರ್ಧರಿಸಿದರು. ಅದಕ್ಕೆ ಕೊಟ್ಟ ಕಾರಣ ಸೊಗಸಾಗಿದೆ: ಬೈಬಲಿನ ಮೊದಲ ಕ್ರೈಸ್ತರಲ್ಲಿ ಎಷ್ಟೋ ಮಂದಿಯ ಹೆಸರುಗಳು ಗ್ರೀಕ್ ಮತ್ತು ರೋಮನ್ ದೇವತೆಗಳಿಂದ ಬಂದವಲ್ಲವೆ? ಬದಲಾಗಬೇಕಾದದ್ದು ಹೃದಯ ಮತ್ತು ನಡತೆ. ಹೆಸರು, ಉಡುಪು, ಊಟ ಅಲ್ಲ. ಆದ್ದರಿಂದಲೇ 1800ರ ಡಿಸೆಂಬರ್ 28ರಂದು ಹೂಗ್ಲಿಯಲ್ಲಿ ದೀಕ್ಷಾಸ್ನಾನ ಪಡೆದ ಬಡಗಿ ಕೃಷ್ಣಪಾಲ ಕಡೆಯವರೆಗೂ ಕೃಷ್ಣಪಾಲನಾಗಿಯೇ ಉಳಿದ.

ಆದರೆ ಒಂದು ವಿಷಯದಲ್ಲಿ ಅವರು ಸಡಿಲ ಬಿಡಲಿಲ್ಲ. ಸಭೆಯೊಳಗೆ ಜಾತಿಗೆ ಎಡೆಯಿಲ್ಲ. 1803ರಲ್ಲಿ ಬ್ರಾಹ್ಮಣ ಕುಲದಿಂದ ಬಂದ ಕೃಷ್ಣಪ್ರಸಾದ ಆ ಬಡಗಿಯ ಮಗಳನ್ನು ಮದುವೆಯಾದ. ಅದೇ ವರ್ಷ ಗೋಕುಲನೆಂಬ ಸದಸ್ಯ ತೀರಿಕೊಂಡಾಗ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಮಾರ್ಷ್‌ಮನ್, ಕೇರಿಯ ಮಗ ಫೆಲಿಕ್ಸ್, ಹಿಂದೆ ಬ್ರಾಹ್ಮಣನಾಗಿದ್ದ ಭೈರವ, ಹಿಂದೆ ಮುಸಲ್ಮಾನನಾಗಿದ್ದ ಪೀರು. ಹೆಣವನ್ನು ಯಾರು ಮುಟ್ಟಬೇಕು, ಯಾರು ಮುಟ್ಟಬಾರದೆಂಬ ಕಟ್ಟುಪಾಡು ಬಲವಾಗಿದ್ದ ಊರಿನ ಬೀದಿಯಲ್ಲಿ ಈ ನಾಲ್ವರು ನಡೆದುಹೋದರು. ಒಡಂಬಡಿಕೆ ಬರೆಯುವುದಕ್ಕೆ ಎರಡು ವರ್ಷ ಮೊದಲೇ ಅದರ ಮುಖ್ಯ ಮಾತು ಹೀಗೆ ಬೀದಿಗೆ ಬಂದಿತ್ತು.

ಈ ಕೂಡುಬಾಳಿನ ದುಡಿಮೆಯಲ್ಲಿ ಕನ್ನಡಕ್ಕೂ ಒಂದು ಪಾಲಿದೆ. ಭಾಷಾಂತರದ ಕೆಲಸವನ್ನು ಬಿಡದೆ ನಡೆಸಬೇಕೆಂಬುದು ಒಡಂಬಡಿಕೆಯ ಇನ್ನೊಂದು ವಿಧಿ. 1812ರ ಮಾರ್ಚ್ 11ರಂದು ಅವರ ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡದ ಹೊಸ ಒಡಂಬಡಿಕೆಯೂ ಸೇರಿತ್ತು. ಕೇರಿ ಕೈಚೆಲ್ಲಿ ಕೂಡಲಿಲ್ಲ. 1817ರಲ್ಲಿ ಆತನ ಕರ್ಣಾಟ ಭಾಷೆಯ ವ್ಯಾಕರಣ ಶ್ರೀರಾಂಪುರದಿಂದಲೇ ಅಚ್ಚಾಗಿ ಹೊರಬಂತು. ಇಂಗ್ಲಿಷಿನಲ್ಲಿ ಬರೆದ ಆ ವ್ಯಾಕರಣದ ಹಿಂದೆ ಒಂದೇ ಪಂಕ್ತಿಯಲ್ಲಿ ಉಂಡವರ ನಿಧಿಯಿತ್ತೆಂಬುದನ್ನು ನಾವು ನೆನೆಯಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಸ್ತುತಿಯಾದೀತು, ಇತಿಹಾಸವಾಗದು. ಸಮಾನತೆಯನ್ನು ಸಾರಿದ ಆ ಪತ್ರದ ಕೆಳಗೆ ಸಹಿ ಹಾಕಿದವರು ಪಾದ್ರಿಗಳು ಮಾತ್ರ. ಅವರಲ್ಲಿ ಭಾರತೀಯನೊಬ್ಬನೂ ಇಲ್ಲ. ಶಾಲೆ ನಡೆಸಿ ನಿಧಿಯನ್ನು ತುಂಬಿದ ಹ್ಯಾನಾ ಮಾರ್ಷ್‌ಮನ್ನಳ ಹೆಸರೂ ಅಲ್ಲಿಲ್ಲ. 'ನಾವು' ಎಂದು ಬರೆದವರು ಯಾರು, ಯಾರ ಪರವಾಗಿ ಬರೆದರು ಎಂಬ ಪ್ರಶ್ನೆಯನ್ನು ಆ ಪತ್ರವೇ ನಮ್ಮ ಮುಂದಿಡುತ್ತದೆ. ಮುಂದೆ ಬಂದ ತರುಣ ಪಾದ್ರಿಗಳಿಗೆ ಹಿರಿಯರ ಕೈಯಲ್ಲಿಯೇ ಅಧಿಕಾರವೆಲ್ಲ ಉಳಿದಿದೆ ಎನ್ನಿಸಿತು. ಅವರು ಬೇರೆಯಾಗಿ ಕಲ್ಕತ್ತೆಗೆ ಹೋದರು. ತಾವು ದುಡಿದು ಕಟ್ಟಿದ ಆಸ್ತಿಯ ಮೇಲೆ ಯಾರ ಹಿಡಿತವಿರಬೇಕು ಎಂಬ ವಿಷಯದಲ್ಲಿ ಇಂಗ್ಲೆಂಡಿನ ಸಂಘದೊಂದಿಗೂ ವಿವಾದ ಬೆಳೆಯಿತು. 1827ರಲ್ಲಿ ಸಂಬಂಧ ಕಡಿದುಬಿತ್ತು. ಮತ್ತೆ ಕೂಡಿದ್ದು 1837ರಲ್ಲಿ. ಆ ವೇಳೆಗೆ ವಾರ್ಡ್ ಮತ್ತು ಕೇರಿ ಇರಲಿಲ್ಲ. ಮಾರ್ಷ್‌ಮನ್ನನೂ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡ. ತೊಟ್ಟ ಬಟ್ಟೆಯೂ ನನ್ನದಲ್ಲವೆಂದವರ ನಡುವೆ ಕಟ್ಟಡಗಳ ಒಡೆತನವೇ ಬಿರುಕನ್ನು ತಂದಿತು.

ಹಾಗಾದರೆ ಒಡಂಬಡಿಕೆ ಸೋತಿತೆ? ಹಾಗೆನ್ನಲಾರೆ. ಎಲ್ಲ ಜಾತಿಮತಗಳವರಿಗೂ ಬಾಗಿಲು ತೆರೆದು 1818ರಲ್ಲಿ ಅವರು ಸ್ಥಾಪಿಸಿದ ಕಾಲೇಜು ಇಂದಿಗೂ ಹೂಗ್ಲಿಯ ದಡದಲ್ಲಿ ನಡೆಯುತ್ತಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಆ ಜನ ತಮ್ಮ ಆದರ್ಶದ ಅಳತೆಗೋಲನ್ನು ತಾವೇ ಬರೆದು ಎಲ್ಲರ ಕೈಗೆ ಕೊಟ್ಟರು. ಇಂದು ನಾವು ಅವರಲ್ಲಿ ಕಾಣುವ ಕೊರತೆಗಳನ್ನು ಅಳೆಯುವುದೂ ಅವರದೇ ಕೋಲಿನಿಂದ. ತಾವು ಮರೆಯುವವರೆಂದು ತಿಳಿದಿದ್ದುದರಿಂದಲೇ ಅಲ್ಲವೆ, ಅದನ್ನು ವರ್ಷಕ್ಕೆ ಮೂರು ಸಲ ಓದಬೇಕೆಂದು ಅವರು ಬರೆದಿಟ್ಟದ್ದು?